ಎಷ್ಟು ದಿನಕ್ಕೆ ಕೊಡ್ಲಿ?

ಸೋಮವಾರ ಸಂಜೆ ಮೆಡಿಕಲ್ ಶಾಪಿನ ಹುಡುಗ ಕತ್ತರಿ ಹಿಡಿದುಕೊಂಡೇ ಕೇಳಿದ, ‘ಎಷ್ಟು ದಿನಕ್ಕೆ ಕೊಡ್ಲಿ ಅಣ್ಣಾ?’ ಚೀಟಿಯಲ್ಲಿ ಡಾಕ್ಟ್ರು ಒಂದು ತಿಂಗಳಿಗೆ ಬರೆದಿದ್ದರು. ನಾನು ‘ಆರು ದಿನಕ್ಕೆ’ ಅಂದೆ. ಬ್ಯಾಕ್ಲೋಫೆನ್, ಕಾಲು ಸೆಟೆಯದಂತೆ ತಡೆಯುವ ಮಾತ್ರೆ, ದಿನಕ್ಕೆ ಮೂರು. ಒಂದು ಸ್ಟ್ರಿಪ್ ಪೂರ್ತಿ ಕೊಟ್ಟ. ಇನ್ನೊಂದರಿಂದ ಎರಡು ಮಾತ್ರೆ ಕತ್ತರಿಸಿ ವಾಪಸ್ ಡಬ್ಬಕ್ಕೆ ಹಾಕಿದ.

ಅವನ ಮೇಲೆ ಸಿಟ್ಟಿಲ್ಲ. ನನ್ನ ಗಾಲಿಕುರ್ಚಿ ಮೆಟ್ಟಿಲು ಹತ್ತಲ್ಲ ಅಂತ ರಸ್ತೆಗೇ ಬಂದು ಚೀಟಿ ತಗೊಂಡು ಹೋಗುವ ಹುಡುಗ. ಆದರೆ ಆ ಮಾತು ಈ ವಾರವಿಡೀ ಕಿವಿಯಲ್ಲಿದೆ. ಎಷ್ಟು ದಿನಕ್ಕೆ ಕೊಡ್ಲಿ?

ಅಡಿಕೆ ಮರದಿಂದ ಬಿದ್ದು ಏಳು ವರ್ಷವಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಅಂಗವಿಕಲತೆ ಶೇ. 75 ದಾಟಿದೆ, ಹಾಗಾಗಿ ತಿಂಗಳಿಗೆ 1,400 ರೂಪಾಯಿ ಪಿಂಚಣಿ. 40ರಿಂದ 75ರೊಳಗಿನವರಿಗೆ 800. ಅವರು ಹೇಗೆ ತೂಗಿಸುತ್ತಾರೋ. ನನ್ನದರಲ್ಲಿ ಮೊದಲು ಹೋಗುವುದು ಮೂತ್ರದ ಪೈಪಿಗೆ. ಈ ತಿಂಗಳದ್ದು ಇನ್ನೂ ಖಾತೆಗೆ ಬಿದ್ದಿಲ್ಲ. ಸಾಗರದ ಜನೌಷಧಿಯಲ್ಲಿ ಮಾತ್ರೆ ಅಗ್ಗ, ನಿಜ. ಹೋಗಿ ಬರಲು ಆಟೋಗೆ 400 ಕೊಟ್ಟರೆ ಉಳಿದದ್ದೆಲ್ಲ ಅಲ್ಲಿಗೇ ಆಯಿತು.

ಹೋದ ವರ್ಷ ಮಾತ್ರೆ ಕಮ್ಮಿ ಮಾಡಿ ನೋಡಿದೆ. ಮೂರರ ಬದಲು ಒಂದೇ. ಮೂರನೇ ರಾತ್ರಿ ಕಾಲು ತಾನಾಗೇ ಸೆಟೆದು ಮಂಚದ ಪಟ್ಟಿಗೆ ಬಡಿಯುತ್ತಾ ಇತ್ತಂತೆ. ನನಗೆ ನೋವು ಗೊತ್ತಾಗಲ್ಲ. ಬೆಳಿಗ್ಗೆ ಅಮ್ಮ ಹೊದಿಕೆ ಎತ್ತಿ ‘ಅಯ್ಯೋ, ರಕ್ತ ಕಣೋ’ ಅಂದಾಗಲೇ ತಿಳಿದದ್ದು. ಈ ಮಾತ್ರೆಯನ್ನು ಹಾಗೆ ಏಕಾಏಕಿ ಬಿಡಬಾರದು ಅಂತ ಡಾಕ್ಟ್ರು ಬೈದರು. ಗಾಯ ಕೀವಾಯಿತು, ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ.

ಆಗ ಒಂದು ರೂಪಾಯಿ ಖರ್ಚಾಗಲಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆ ಉಪಕಾರ ಮರೆಯಲ್ಲ. ಆದರೆ ಮನೆಯಲ್ಲಿ ದಿನಾ ನುಂಗುವ ಮಾತ್ರೆಗೆ ಅದರಲ್ಲಿ ದುಡ್ಡಿಲ್ಲ. ಆ ಮಾತ್ರೆ ಸರಿಯಾಗಿ ತಗೊಂಡಿದ್ದರೆ ಗಾಯವೇ ಆಗುತ್ತಿರಲಿಲ್ಲ, ಅಲ್ವಾ? ಆ ಒಂಬತ್ತು ದಿನದ ಬಿಲ್ಲಿನಲ್ಲಿ ನನಗೆ ಎಷ್ಟು ವರ್ಷದ ಮಾತ್ರೆ ಬರುತ್ತಿತ್ತೋ. ಯೋಜನೆ ಬರೆದವರು ಒಂದು ಸಂಜೆ ಆ ಅಂಗಡಿ ಮುಂದೆ ನಿಂತು ನೋಡಬೇಕು. ಸ್ಟ್ರಿಪ್ ಕತ್ತರಿಸಿಕೊಂಡು ಹೋಗುವವನು ನಾನೊಬ್ಬನೇ ಅಲ್ಲ. ನನ್ನ ಹಿಂದೆ ನಿಂತಿದ್ದ ಅಜ್ಜಿ ಬಿಪಿ ಮಾತ್ರೆ ನಾಲ್ಕೇ ಕೇಳಿದರು.

ಮನೆಗೆ ಬಂದಾಗ ಅಮ್ಮ ‘ತಿಂಗಳಿಗೆ ಆಗೋಷ್ಟು ತಂದ್ಯೇನೋ?’ ಅಂದಳು. ‘ಹೂಂ’ ಅಂದೆ.

ಇವತ್ತು ಶುಕ್ರವಾರ. ಡಬ್ಬಿಯಲ್ಲಿ ಇನ್ನು ಏಳು ಮಾತ್ರೆ ಇವೆ.