ಮೊದಲು ಗೆರಸೆ ನೋಡಬೇಕಿತ್ತು

ಬಂಟ್ವಾಳದ ಕಡೆ ಫಿಸಿಯೋಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿದ ಹೊಸತು. ಬೀಡಿ ಕಟ್ಟುವ ಹೆಂಗಸೊಬ್ಬರು ಕುತ್ತಿಗೆ ಮತ್ತು ಸೊಂಟ ನೋವೆಂದು ಬಂದರು. ಶಾಖ ಕೊಟ್ಟೆ, ಎಂಟು ವ್ಯಾಯಾಮಗಳ ಹಾಳೆ ಕೊಟ್ಟು ಕಳುಹಿಸಿದೆ. ಎರಡು ದಿನ ಹಗುರ, ಮೂರನೆಯ ದಿನ ಮತ್ತೆ ಅದೇ ನೋವು. ಮೂರನೆಯ ಸಲ ಬಂದಾಗ ನನ್ನ ದನಿ ಸ್ವಲ್ಪ ಗಡುಸಾಗಿಯೇ ಇತ್ತು: "ಅಕ್ಕ, ಮನೆಯಲ್ಲಿ ವ್ಯಾಯಾಮ ಮಾಡುತ್ತಿಲ್ಲ ಅಲ್ಲವೇ?"

"ಬೆಳಿಗ್ಗೆ ಹತ್ತು ನಿಮಿಷ ತಪ್ಪದೆ ಮಾಡುತ್ತೇನೆ ಡಾಕ್ಟರೇ. ಆಮೇಲೆ ಬೀಡಿಗೆ ಕುಳಿತರೆ ಏಳುವುದು ಊಟಕ್ಕೆ. ಬೀಡಿ ಕಂಪನಿಯ ಬ್ರಾಂಚಿಗೆ ಲೆಕ್ಕ ಕೊಡಬೇಕಲ್ಲ."

ಹೇಗೆ ಕೂರುತ್ತೀರಿ, ತೋರಿಸಿ ಎಂದು ಆಗ ಮೊದಲ ಬಾರಿಗೆ ಕೇಳಿದೆ. ನೆಲದ ಮೇಲೆ ಕಾಲು ಚಾಚಿ ಕುಳಿತರು. ಬೀಡಿಯ ಎಲೆ, ತಂಬಾಕು ಇಟ್ಟುಕೊಳ್ಳುವ ಗೆರಸೆಯ ಬದಲು ನನ್ನ ಮೇಜಿನ ಮೇಲಿದ್ದ ಕಡತವನ್ನೇ ತೊಡೆಯ ಮೇಲಿಟ್ಟುಕೊಂಡರು. ಬೆನ್ನು ಬಿಲ್ಲಿನಂತೆ ಬಾಗಿತು, ಗಲ್ಲ ಎದೆಗೆ ತಾಗುವಷ್ಟು ಇಳಿಯಿತು, ಭುಜಗಳೆರಡೂ ಕಿವಿಯತ್ತ ಏರಿದವು. ತಲೆಯ ತೂಕ ನಾಲ್ಕೈದು ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಹಿಡಿದು ನಿಲ್ಲಿಸುವ ಕತ್ತಿನ ಹಿಂಬದಿಯ ಸ್ನಾಯುಗಳ ಮೇಲೆ ಹೊರೆ ಹೆಚ್ಚುತ್ತದೆ. ಸಡಿಲಗೊಳ್ಳಲು ಬಿಡುವೇ ಸಿಗದ ಸ್ನಾಯು ಬಿಗಿದು ನೋಯತೊಡಗುತ್ತದೆ. ದಿನವಿಡೀ ಹೀಗೆ ಕೂರುವವರಿಗೆ ಬೆಳಗಿನ ಹತ್ತು ನಿಮಿಷ ಎಲ್ಲಿಗೆ ಸಾಲುತ್ತದೆ?

ಎಂಟು ವ್ಯಾಯಾಮಗಳನ್ನು ಎರಡಕ್ಕೆ ಇಳಿಸಿದೆ. ಬೆನ್ನು ಗೋಡೆಗೆ, ಕೆಳಗೆ ಮಡಚಿದ ಕಂಬಳಿ, ಗೆರಸೆಯ ಅಡಿಗೆ ಎರಡು ದಿಂಬು. ಕೆಲಸ ಕಣ್ಣಿನತ್ತ ಬಂದರೆ ಕತ್ತು ಅಷ್ಟು ಬಾಗಬೇಕಿಲ್ಲ. ಒಂದು ಕಟ್ಟು ಬೀಡಿ ಮುಗಿದಾಗಲೆಲ್ಲ ಗಲ್ಲವನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಹೆಗಲ ಮೂಳೆಗಳನ್ನು ಬೆನ್ನ ಹಿಂದೆ ಒಟ್ಟಿಗೆ ತರುವುದು, ತಲಾ ಐದು ಸಲ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬರುವುದು. ವ್ಯಾಯಾಮಕ್ಕೆ ಗಡಿಯಾರ ನೋಡು ಎಂದರೆ ಮರೆತುಹೋಗುತ್ತದೆ, ಕಟ್ಟಿನ ಲೆಕ್ಕವನ್ನು ಅವರು ಮರೆಯುವುದೇ ಇಲ್ಲ.

ಅವರಲ್ಲಿ ಇನ್ನೊಂದು ಭಯವಿತ್ತು. ಸೊಂಟದ ಎಂಆರ್‌ಐ ವರದಿಯಲ್ಲಿ "ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ" ಎಂದಿದ್ದರಿಂದ ಬಗ್ಗುವುದನ್ನೇ ಬಿಟ್ಟಿದ್ದರು. ನೋವೇ ಇಲ್ಲದ 3,110 ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ಡಿಸ್ಕ್ ಸವೆತ ಇಪ್ಪತ್ತರ ಹರೆಯದವರಲ್ಲೇ ಶೇ. 37ರಷ್ಟು, ಎಂಬತ್ತರವರಲ್ಲಿ ಶೇ. 96ರಷ್ಟು ಕಂಡುಬಂದಿತ್ತು. "ಕೂದಲು ನರೆತ ಹಾಗೆ ಇದು ಅಕ್ಕ" ಎಂದೆ. ಆ ದಿನ ಅವರ ಮುಖ ತಿಳಿಯಾದದ್ದು ನನಗೆ ಇಂದಿಗೂ ನೆನಪಿದೆ. ಆದರೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ, ನೋವಿನ ಜತೆ ಜ್ವರ ಬಂದರೆ ವ್ಯಾಯಾಮ ಎನ್ನುತ್ತಾ ಕೂರಬಾರದು, ಕೂಡಲೇ ವೈದ್ಯರ ಬಳಿ ಹೋಗಬೇಕು.

ಆರು ವಾರಗಳಲ್ಲಿ ಅವರ ನೋವು ಬಹುಪಾಲು ಇಳಿಯಿತು, ಪೂರ್ತಿ ಹೋಗಲಿಲ್ಲ. ಲೆಕ್ಕ ಹೆಚ್ಚಿದ ದಿನ ಮತ್ತೆ ಬರುತ್ತದೆ, ಆದರೆ ಏನು ಮಾಡಬೇಕೆಂದು ಅವರಿಗೆ ಗೊತ್ತು.

ಮೊನ್ನೆ ಅಡಿಕೆ ಸುಲಿಯುವವರೊಬ್ಬರು ಹೆಗಲು ಹಿಡಿದುಕೊಂಡು ಬಂದರು. ಮಂಚದ ಮೇಲೆ ಮಲಗಿಸುವ ಮುನ್ನ ನೆಲದ ಮೇಲೆ ಮಣೆ ಹಾಕಿ, "ಸುಲಿಯುವಾಗ ಹೇಗೆ ಕೂರುತ್ತೀರಿ, ತೋರಿಸಿ" ಎಂದೆ.