ಅಕ್ಕ ಹೋದ ಮೇಲೆ ತಮ್ಮನಿಗೆ ತೆಗೆದ ಇಸಿಜಿ

ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಇಸಿಜಿ ಟೆಕ್ನಿಷಿಯನ್. ಗುತ್ತಿಗೆ ಕೆಲಸ. ದಿನಾ ಬರುವವರು ಹೆಚ್ಚಾಗಿ ಎದೆನೋವಿನವರು, ಬಿಪಿ-ಶುಗರ್‌ನವರು, ಆಪರೇಷನ್‌ಗೆ ಫಿಟ್‌ನೆಸ್ ಬೇಕಾದವರು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಎದೆನೋವು ಅಂದವರಿಗೆ ತಕ್ಷಣ ಇಸಿಜಿ ಆಗುತ್ತದೆ. ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಅದು ದೊಡ್ಡವರ ಹಾರ್ಟ್ ಅಟ್ಯಾಕ್‌ಗಾಗಿ ಮಾಡಿದ ಏರ್ಪಾಡು. ಮಕ್ಕಳನ್ನು ನನ್ನ ರೂಮಿಗೆ ಕಳಿಸಬೇಕು ಅಂತ ಯಾರಿಗೂ ಹೊಳೆಯುವುದೇ ಇಲ್ಲ. ನನ್ನ ಸಿಟ್ಟಿರುವುದು ಅಲ್ಲೇ.

ಊರು, ವಯಸ್ಸು, ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಆ ಮನೆಯವರ ಗುರುತು ಯಾರಿಗೂ ಸಿಗಬಾರದು.

ಹುಡುಗಿಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಶಾಲೆ ಬಿಡುವಿನಲ್ಲಿ ಓಡಾಡಿ ಆಡುತ್ತಿದ್ದವಳು ಹಾಗೇ ಬಿದ್ದಳಂತೆ. ಮುಖಕ್ಕೆ ನೀರು ಹಾಕಿದರು, ಕೈಗೆ ಬೀಗದ ಕೈ ಕೊಟ್ಟರು, ಮೂಗಿಗೆ ಈರುಳ್ಳಿ ಹಿಡಿದರು. ಎದೆ ಒತ್ತಬೇಕು ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಟಂಟಂನಲ್ಲಿ ಹಾಕಿಕೊಂಡು ಬಂದರು. ಕ್ಯಾಜುವಾಲ್ಟಿಯಲ್ಲಿ ಸಿಸ್ಟರ್ ಮತ್ತು ಡ್ಯೂಟಿ ಡಾಕ್ಟರ್ ಸಿಪಿಆರ್ ಶುರು ಮಾಡಿದರು, ಅಡ್ರಿನಲಿನ್ ಹೋಯಿತು, ಟ್ಯೂಬ್ ಹಾಕಿದರು. ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ನನ್ನನ್ನು ಕರೆದರು. ಡಿಕ್ಲೇರ್ ಮಾಡುವ ಮುಂಚೆ ಒಂದು ಸ್ಟ್ರಿಪ್ ಬೇಕಲ್ಲ.

ಆ ಸ್ಟ್ರಿಪ್ ತೆಗೆಯುವುದು ನನ್ನ ಕೆಲಸದಲ್ಲೇ ತುಂಬಾ ಕಷ್ಟದ್ದು. ಪೇಪರ್ ಮೇಲೆ ನೇರ ಗೆರೆ ಬರುತ್ತದೆ, ಹೆಸರು, ಟೈಮ್ ಬರೆದು ಕೊಡಬೇಕು. ಮಗು ಹೇಗೆ ಸತ್ತಿತು ಅಂತ ಆ ಗೆರೆ ಹೇಳುವುದಿಲ್ಲ.

ಹೊರಗೆ ಬೆಂಚಿನ ಮೇಲೆ ಹುಡುಗಿಯ ಆಯಿ, ಅಂದರೆ ಅಜ್ಜಿ, ಕೂತಿದ್ದಳು. ನನ್ನ ಕೈ ಹಿಡಿದುಕೊಂಡು, "ಫಿಟ್ಸ್ ಇತ್ತವ್ವಾ ಇಕಿಗಿ. ಗುಳಗಿ ನಡದಿದ್ವು. ತಿಂಥಣಿ ಮೌನಪ್ಪನ ಬಲ್ಲಿ ಭೀ ಹೋಗಿ ಬಂದೀವಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದಳು: "ಸಣ್ಣವಂದೂ ಹಿಂಗೇ ಅದ. ಅವಂಗೂ ಕಿವಿ ಕೇಳಂಗಿಲ್ಲ. ಜೋರಾಗಿ ಅತ್ತಾಂದ್ರ ಬೆಳ್ಳಗಾಗಿ ಬಿದ್ದುಬಿಡ್ತಾನ."

ಹಿಂದೆ ನಮ್ಮಲ್ಲಿದ್ದ ಫಿಜಿಷಿಯನ್ ಒಬ್ಬರು ಸ್ಕೇಲ್ ಹಿಡಿದು ಕ್ಯೂಟಿ (ಇಸಿಜಿಯಲ್ಲಿ ಬಡಿತ ಶುರುವಾಗಿ ಹೃದಯ ಮತ್ತೆ ಚಾರ್ಜ್ ಆಗುವವರೆಗಿನ ಹೊತ್ತು) ಅಳೆಯುವುದನ್ನು ನನಗೆ ಹೇಳಿಕೊಟ್ಟಿದ್ದರು. ಆಗ ಅವರು ಒತ್ತಿ ಹೇಳಿದ್ದ ಒಂದು ಮಾತಿತ್ತು: ಕಿವಿ ಕೇಳದ ಮಗು ಓಡುವಾಗಲೋ ಅಳುವಾಗಲೋ ಎಚ್ಚರ ತಪ್ಪಿದರೆ ಇಸಿಜಿ ತೆಗೆಯದೆ ಮನೆಗೆ ಕಳಿಸಬೇಡಿ. ಆಯಿಯ ಮಾತು ಕೇಳಿದ ಕೂಡಲೇ ಅದೇ ನೆನಪಾಯಿತು. ಅಪ್ಪ ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಚೀಟಿಗಳೆಲ್ಲ ಇದ್ದವು. ಕೇಳಿ ತೆಗೆದುಕೊಂಡು ನೋಡಿದೆ. ಬೇರೆ ಬೇರೆ ಆಸ್ಪತ್ರೆಯವು. ಎಲ್ಲದರಲ್ಲೂ ಸೀಜರ್, ಅಂದರೆ ಫಿಟ್ಸ್ ಅಂತಲೇ ಇದೆ. ಮಿದುಳಿನ ಕರೆಂಟು ನೋಡುವ ಇಇಜಿ ನಾರ್ಮಲ್. ಆದರೂ ಫಿಟ್ಸ್ ಮಾತ್ರೆ ಮುಂದುವರಿದಿದೆ, ಡೋಸ್ ಏರಿದೆ. ಒಂದೇ ಒಂದು ಇಸಿಜಿ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಐದು ನಿಮಿಷದ ಕೆಲಸ ಅದು, ಯಾರೂ ಬರೆದಿಲ್ಲ.

ಮನೆಯವರು ಪೋಸ್ಟ್‌ಮಾರ್ಟಂ ಬೇಡ ಅಂದರು. ನಾನು ಅವರನ್ನು ದೂರುವುದಿಲ್ಲ. ನನಗೆ ಅನುಮಾನ ಬಂದಿದ್ದ ಲಾಂಗ್ ಕ್ಯೂಟಿ ಕಾಯಿಲೆಯಲ್ಲಿ ಹೃದಯವನ್ನು ಕೊಯ್ದು ನೋಡಿದರೂ ಸರಿಯಾಗಿಯೇ ಕಾಣುತ್ತದೆ. ಗೋಡೆ, ಕವಾಟ, ರಕ್ತನಾಳ ಎಲ್ಲ ಚೆನ್ನಾಗಿರುತ್ತವೆ. ತೊಂದರೆ ಇರುವುದು ಹೃದಯದ ಕರೆಂಟಿನಲ್ಲಿ. ಒಂದು ಬಡಿತ ಆದ ಮೇಲೆ ಮತ್ತೆ ಚಾರ್ಜ್ ಆಗಲು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಜೀವ ಇರುವಾಗ ಮಾತ್ರ ಅದು ಪೇಪರ್ ಮೇಲೆ ಕಾಣುತ್ತದೆ. ಅಂದರೆ ಹುಡುಗಿ ಯಾಕೆ ಸತ್ತಳು ಅನ್ನುವುದಕ್ಕೆ ಉತ್ತರ ಬೇಕಿದ್ದರೆ ತಮ್ಮನ ಇಸಿಜಿ ತೆಗೆಯಬೇಕಿತ್ತು.

ಅವನನ್ನು ಕರೆತರುವುದು ಸುಲಭ ಇರಲಿಲ್ಲ. ಮಣ್ಣು ಮಾಡಿ ಬಂದ ಮನೆಗೆ ಹೋಗಿ, ಇನ್ನೊಂದು ಮಗುವಿನ ಎದೆಗೆ ಮೆಷಿನ್ ಹಚ್ಚೋಣ ಅಂತ ಹೇಗೆ ಕೇಳುವುದು? ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಅವರೇ ಇಡೀ ವಿಷಯ ಕೈಗೆತ್ತಿಕೊಂಡರು. "ದಿನ ಮುಗೀಲಿ ಅಕ್ಕಾ, ನಾ ಮಾತಾಡ್ತೀನಿ. ಆದ್ರ ಅವ್ರು ಬೆಂಗಳೂರಿಗಿ ಗುಳೆ ಹೊಂಟಾರ" ಅಂದರು. ಬೆಂಗಳೂರಿಗೆ ಹೋದರೆ ಯಾವ ಬಿಲ್ಡಿಂಗ್ ಕೆಲಸ, ಯಾವ ಶೆಡ್ ಅಂತ ಹುಡುಕುವುದು ಅಸಾಧ್ಯ.

ಹೊರಟ ದಿನ ಸಂಜೆ ಬಸ್ಸಿಗೆ ಮುಂಚೆ ಆ ಆಶಾ ಅವರೇ ಎಲ್ಲರನ್ನೂ ಆಸ್ಪತ್ರೆಗೆ ಇಳಿಸಿದರು. ಜೋಳದ ಚೀಲ, ಹಾಸಿಗೆ ಗಂಟು, ಪಾತ್ರೆ ತುಂಬಿದ ಬಕೆಟ್ ಎಲ್ಲ ನನ್ನ ರೂಮಿನ ಬಾಗಿಲಲ್ಲಿ. ಅಪ್ಪನ ಮುಖ ಬಿಗಿದಿತ್ತು. "ಜಲ್ದಿ ಮಾಡ್ರಿ ಮೇಡಂ, ಗಾಡಿ ಬಿಡ್ತದ."

ನಾಲ್ಕು ವರ್ಷದ ಹುಡುಗ. ಲೀಡ್ ನೋಡಿದ ತಕ್ಷಣ ಅಳಲು ಶುರು ಮಾಡಿದ. ನನಗೆ ಎದೆ ಝಲ್ ಅಂದಿತು. ಅತ್ತರೆ ಬೀಳುತ್ತಾನೆ ಅಂತ ಆಯಿ ಹೇಳಿದ್ದಳಲ್ಲ. ನಮ್ಮಲ್ಲಿರುವ ಬಲ್ಬ್ ಎಲೆಕ್ಟ್ರೋಡ್ ದೊಡ್ಡವರ ಸೈಜಿನವು, ಇಷ್ಟು ಸಣ್ಣ ಎದೆಗೆ ಒಂದರ ಮೇಲೊಂದು ಬೀಳುತ್ತವೆ. ಮಕ್ಕಳ ಸೈಜಿನವು ಬೇಕು ಅಂತ ಇಂಡೆಂಟ್ ಹಾಕುತ್ತಲೇ ಇದ್ದೇನೆ. ಎಲ್ಲವನ್ನೂ ಕೆಳಗಿಟ್ಟೆ. ಸಿಸ್ಟರ್‌ಗೆ ಹೇಳಿ ಕ್ಯಾಜುವಾಲ್ಟಿಯಿಂದ ಡಿಫಿಬ್ರಿಲೇಟರ್ ತಂದು ಪಕ್ಕದಲ್ಲಿ ಇಡಿಸಿದೆ. ಅವ್ವನ ತೊಡೆ ಮೇಲೆ ಅವನನ್ನು ಮಲಗಿಸಿ, ಕೈಗೆ ಬಿಸ್ಕತ್ತು ಕೊಟ್ಟು ಕಾದೆವು. ಹೊರಗೆ ಅಪ್ಪ ಗಡಿಯಾರ ನೋಡುತ್ತಿದ್ದ. ಅಳುವ ಮಗುವಿನ ಬಡಿತ ವಿಪರೀತ ಜೋರು, ಟಿ ವೇವ್ (ಹೃದಯ ಮತ್ತೆ ಚಾರ್ಜ್ ಆಗುವಾಗ ಮೂಡುವ ಉಬ್ಬು) ಹೋಗಿ ಮುಂದಿನ ಬಡಿತ ಶುರುವಾಗುವ ಪಿ ವೇವ್‌ಗೆ ಕೂಡಿಕೊಳ್ಳುತ್ತದೆ. ಆಗ ಅಳೆದ ಕ್ಯೂಟಿಸಿಯನ್ನು (ಬಡಿತದ ವೇಗಕ್ಕೆ ಹೊಂದಿಸಿದ ಕ್ಯೂಟಿ) ನಂಬಲು ಆಗುವುದಿಲ್ಲ. ಹಾಗಾಗಿ ಕಾಯಲೇಬೇಕಿತ್ತು.

ಬಿಸ್ಕತ್ತು ಬಾಯಲ್ಲಿ ಇಟ್ಟುಕೊಂಡೇ ಅವನು ಕಣ್ಣು ಮುಚ್ಚಿದ. ಮೆಲ್ಲಗೆ ಲೀಡ್ ಹಚ್ಚಿ ಬಟನ್ ಒತ್ತಿದೆ.

ಪೇಪರಿನ ಮೇಲ್ಗಡೆ ಮೆಷಿನ್ ಬರೆದದ್ದು: ನಾರ್ಮಲ್ ಸೈನಸ್ ರಿದಮ್, ಕ್ಯೂಟಿಸಿ 418. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು, ಅವತ್ತು ಓಪಿಡಿಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಮೇಲಿನ ಸಾಲು ನೋಡಿ, "ನಾರ್ಮಲ್ ಇದೆಯಲ್ಲ, ಕಳಿಸಿ" ಅಂದರು.

"ಸರ್, ಒಂದು ನಿಮಿಷ. ಕೈಯಲ್ಲಿ ಅಳೆದಿದ್ದೇನೆ, ನೋಡಿ" ಅಂದೆ. ಮೆಷಿನ್ ಟಿ ವೇವ್‌ನ ಮೊದಲ ಉಬ್ಬನ್ನೇ ಕೊನೆ ಅಂದುಕೊಂಡಿತ್ತು. ನಿಜವಾದ ಕೊನೆ ಇನ್ನೂ ಮುಂದಿತ್ತು. ಲೀಡ್ ಎರಡರಲ್ಲಿ ಕ್ಯೂಟಿ ಹನ್ನೊಂದು ಸಣ್ಣ ಚೌಕ. ಒಂದು ಚೌಕ 40 ಮಿಲಿಸೆಕೆಂಡ್, ಅಂದರೆ 440. ಆರ್-ಆರ್, ಅಂದರೆ ಎರಡು ಬಡಿತಗಳ ನಡುವಿನ ಅಂತರ, ಹದಿನಾರು ಚೌಕ, 0.64 ಸೆಕೆಂಡ್. ಅದರ ವರ್ಗಮೂಲ 0.8. ಬ್ಯಾಜೆಟ್ ಸೂತ್ರದ ಪ್ರಕಾರ ಭಾಗಿಸಿದರೆ 550. ಲೆಕ್ಕ ಬೇಡವೆಂದರೂ ಕಣ್ಣಿಗೇ ಕಾಣುತ್ತಿತ್ತು: ಟಿ ವೇವ್ ಎರಡು ಬಡಿತಗಳ ನಡುಗೆರೆ ದಾಟಿ ಎಷ್ಟೋ ಆಚೆ ಹೋಗಿತ್ತು. 480 ದಾಟಿದರೇ ಲಾಂಗ್ ಕ್ಯೂಟಿ ಅಂತ ಗಟ್ಟಿಯಾಗಿ ಅನುಮಾನಪಡಬೇಕು, 500 ದಾಟಿದರೆ ಅಪಾಯ ಜಾಸ್ತಿ.

ಡಾಕ್ಟರ್ ಸ್ಕೇಲ್ ತೆಗೆದುಕೊಂಡು ತಾವೇ ಅಳೆದರು. ಮತ್ತೊಮ್ಮೆ ಅಳೆದರು. ಆಮೇಲೆ ಓಪಿಡಿ ಬಿಟ್ಟು ಎದ್ದು ಬಂದರು. ಅವರ ಬಗ್ಗೆ ನನಗಿರುವ ಗೌರವ ಆ ಕ್ಷಣದ್ದು. ಟೆಕ್ನಿಷಿಯನ್ ಹೇಳಿದಳು ಅಂತ ತಳ್ಳಿಹಾಕಲಿಲ್ಲ. ಫೋಟೋ ತೆಗೆದು ಕಲಬುರಗಿಯ ಹೃದ್ರೋಗ ತಜ್ಞರಿಗೆ ಕಳಿಸಿದರು. ಅತ್ತಲಿಂದ ಬಂದ ಉತ್ತರ: ಪೊಟ್ಯಾಸಿಯಂ ನೋಡಿ, ವಾಂತಿಗೆ ಒಂಡಾನ್‌ಸೆಟ್ರಾನ್ ಕೊಡಬೇಡಿ, ಮಾನಿಟರ್ ಇರುವ ಆಂಬುಲೆನ್ಸ್‌ನಲ್ಲಿ ಈಗಲೇ ಕಳಿಸಿ.

ಅಪ್ಪ ಒಪ್ಪಲಿಲ್ಲ. ಮೇಸ್ತ್ರಿ ಹತ್ತಿರ ಮುಂಗಡ ತೆಗೆದುಕೊಂಡಿದ್ದ. ಡಾಕ್ಟರ್ ಅವನನ್ನು ಕೂರಿಸಿ ನಿಧಾನವಾಗಿ ಹೇಳಿದರು: ಮಗಳಿಗೆ ಇದ್ದದ್ದು ಫಿಟ್ಸ್ ಅಲ್ಲ, ಹೃದಯ ತಾಳ ತಪ್ಪಿ ಮಿದುಳಿಗೆ ರಕ್ತ ನಿಂತಾಗ ಹಾಗೆ ಬೀಳುತ್ತಾರೆ, ಕೈಕಾಲು ಎಳೆಯುವುದೂ ಉಂಟು, ಅದಕ್ಕೇ ಫಿಟ್ಸ್ ಥರ ಕಾಣುತ್ತದೆ, ಇವನಿಗೆ ಔಷಧಿ ಇದೆ. ಅಪ್ಪ ಏನೂ ಮಾತಾಡಲಿಲ್ಲ. ಅವ್ವ ಎದ್ದು ಹಾಸಿಗೆ ಗಂಟನ್ನು ನನ್ನ ರೂಮಿನ ಮೂಲೆಗೆ ಸರಿಸಿ, ಮಗನನ್ನು ಎತ್ತಿಕೊಂಡು ಆಂಬುಲೆನ್ಸ್ ಹತ್ತಿದಳು. ಬಸ್ಸು ಹೋಯಿತು.

ಕಲಬುರಗಿಯಲ್ಲಿ ಹೆಸರು ಸಿಕ್ಕಿತು: ಜೆರ್ವೆಲ್ ಲಾಂಗೆ-ನೀಲ್ಸನ್ ಸಿಂಡ್ರೋಮ್. 1957ರಲ್ಲಿ ನಾರ್ವೆಯ ಇಬ್ಬರು ವೈದ್ಯರು ಒಂದು ಮನೆಯ ಬಗ್ಗೆ ಬರೆದಿದ್ದರು. ಆರು ಮಕ್ಕಳಲ್ಲಿ ನಾಲ್ವರಿಗೆ ಕಿವಿ ಕೇಳುತ್ತಿರಲಿಲ್ಲ, ಆ ನಾಲ್ವರಿಗೂ ಎಚ್ಚರ ತಪ್ಪುತ್ತಿತ್ತು, ಮೂವರು ಇದ್ದಕ್ಕಿದ್ದಂತೆ ಸತ್ತರು. ಹೃದಯದ ಕೋಶದಿಂದ ಪೊಟ್ಯಾಸಿಯಂ ಹೊರಬಿಡುವ ಒಂದು ಬಾಗಿಲೇ ಒಳಕಿವಿಯಲ್ಲೂ ಕೆಲಸ ಮಾಡುತ್ತದೆ. ಆ ಬಾಗಿಲಿನ ಜೀನ್ ಕೆಟ್ಟರೆ ಎರಡೂ ಕಡೆ ಹೊಡೆತ. ಅಪ್ಪನಿಂದ ಒಂದು, ಅವ್ವನಿಂದ ಒಂದು ಕೆಟ್ಟ ಪ್ರತಿ ಬಂದು ಸೇರಿದ ಮಗುವಿಗೆ ಮಾತ್ರ ಇದು ಬರುತ್ತದೆ. ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಂಭವ ಜಾಸ್ತಿ.

ಇವರದು ಸೋದರಮಾವನ ಸಂಬಂಧ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ? ಅವ್ವ ಕೇಳಿದ ಮೊದಲ ಪ್ರಶ್ನೆ, "ನಂದೇ ತಪ್ಪೇನ್ರೀ?" ಅಂತ. ಕೌನ್ಸೆಲಿಂಗ್ ಅನ್ನುವ ಹೆಸರಿನಲ್ಲಿ ನಮ್ಮವರು ಎಷ್ಟೋ ಸಲ ಇಂಥ ತಾಯಂದಿರಿಗೆ ಬೈದು ಕಳಿಸುತ್ತಾರೆ. ಬೈಯಬೇಡಿ ದಯವಿಟ್ಟು. ಆ ಮದುವೆ ನಿಶ್ಚಯ ಮಾಡಿದವಳು ಅವಳಲ್ಲ. ಅವಳಿಗೆ ಬೇಕಾದದ್ದು ಉಳಿದ ಮಕ್ಕಳ ಇಸಿಜಿ, ಮುಂದಿನ ಬಸಿರಿಗೆ ಸರಿಯಾದ ಸಲಹೆ.

ಹುಡುಗ ಈಗ ಪ್ರೊಪ್ರನೊಲಾಲ್ ಮೇಲೆ ಇದ್ದಾನೆ. ಒಂದು ಹೊತ್ತೂ ತಪ್ಪಬಾರದು. ಈಜು ಬೇಡ, ಓಟದ ಪಂದ್ಯ ಬೇಡ. ಭೇದಿಯಾದರೆ ಮನೆಯಲ್ಲಿ ಕಾಯಬಾರದು, ಪೊಟ್ಯಾಸಿಯಂ ಇಳಿದರೆ ತಾಳ ತಪ್ಪುತ್ತದೆ. ಡಾಂಪೆರಿಡೋನ್, ಎರಿಥ್ರೊಮೈಸಿನ್, ಅಜಿಥ್ರೊಮೈಸಿನ್ ಥರದ ದಿನಬಳಕೆಯ ಔಷಧಿಗಳೂ ಇವನಿಗೆ ಅಪಾಯ. ಇವೆಲ್ಲ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತವೆ ಅಲ್ವಾ, ಅದೇ ಭಯ. ಮಾತ್ರೆ ಸಾಲದಿದ್ದರೆ ಐಸಿಡಿ (ತಾಳ ತಪ್ಪಿದಾಗ ಶಾಕ್ ಕೊಡಲು ಎದೆಯೊಳಗೆ ಇಡುವ ಸಾಧನ) ಹಾಕುವ ಬಗ್ಗೆ ಯೋಚಿಸುತ್ತೇವೆ ಅಂದಿದ್ದಾರೆ. ನಡುವಿನ ಹುಡುಗಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಆದರೆ ಕ್ಯೂಟಿಸಿ ಗಡಿಯಲ್ಲಿದೆ. ಕಿವಿ ಕೇಳುತ್ತದೆ ಅಂದ ಮಾತ್ರಕ್ಕೆ ಬಿಡುವ ಹಾಗಿಲ್ಲ, ಒಂದು ಕೆಟ್ಟ ಪ್ರತಿ ಇದ್ದವರಿಗೂ ಕೆಲವೊಮ್ಮೆ ಕ್ಯೂಟಿ ಉದ್ದ ಇರುತ್ತದೆ. ಅವಳನ್ನೂ ಫಾಲೋಅಪ್‌ನಲ್ಲಿ ಇಟ್ಟಿದ್ದಾರೆ.

ಈಗ ನಮ್ಮ ಆಸ್ಪತ್ರೆಯಲ್ಲಿ ಒಂದು ಬದಲಾವಣೆ ಆಗಿದೆ. ಮೊದಲ ಸಲ ಫಿಟ್ಸ್ ಅಂತ ಬಂದ ಮಗುವಿಗೆ ಮಾತ್ರೆ ಬರೆಯುವ ಮುಂಚೆ ಇಸಿಜಿ. ಆ ಡಾಕ್ಟರೇ ಕ್ಯಾಜುವಾಲ್ಟಿ ಗೋಡೆಗೆ ಬರೆದು ಅಂಟಿಸಿದರು. ಮನೆಯವರಿಗೆ ಕೇಳುವ ಪ್ರಶ್ನೆಗಳೂ ಅದರಲ್ಲಿವೆ: ಓಡುವಾಗ ಬಿದ್ದಿತಾ, ಹೆದರಿದಾಗ ಬಿದ್ದಿತಾ, ಬೇಗ ಎಚ್ಚರ ಆಯಿತಾ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಹೋಗಿದ್ದಾರಾ, ಈಜು ಬರುವವರು ನೀರಲ್ಲಿ ಸತ್ತಿದ್ದಾರಾ. ಕೊನೆಯ ಪ್ರಶ್ನೆಗೆ ಬಾವಿ, ಕೆನಾಲ್ ಕಥೆಗಳು ಬರುತ್ತವೆ. ಎಲ್ಲವೂ ಇದೇ ಕಾಯಿಲೆ ಅಂತಲ್ಲ. ಆದರೆ ಕೇಳಬೇಕು.

ಆಗದೇ ಇರುವ ಕೆಲಸವೂ ಒಂದಿದೆ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಶಾಲೆಗೆ ಬರುತ್ತದೆ, ಸ್ಟೆತ್ ಇಟ್ಟು ನೋಡುತ್ತದೆ. ಹೃದಯದ ಗೋಡೆಯಲ್ಲಿ ತೂತಿದ್ದರೆ ಸದ್ದು ಕೇಳಬಹುದು, ಲಾಂಗ್ ಕ್ಯೂಟಿಗೆ ಸದ್ದೇ ಇಲ್ಲ. ಹಾಗಂತ ಎಲ್ಲ ಮಕ್ಕಳಿಗೂ ಇಸಿಜಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಕಿವಿ ಕೇಳದ ಮಕ್ಕಳು ಹೇಗೂ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಆಸ್ಪತ್ರೆಗೆ ಬರುತ್ತಾರೆ, ಕಿವಿ ಪರೀಕ್ಷಿಸುವ ಬೆರಾ ಟೆಸ್ಟ್ ಆಗುತ್ತದೆ, ಪರ್ಸೆಂಟೇಜ್ ಬರೆಯುತ್ತಾರೆ, ಸೀಲ್ ಬೀಳುತ್ತದೆ. ಅದೇ ದಿನ, ಅದೇ ಕಟ್ಟಡದಲ್ಲಿ ಒಂದು ಇಸಿಜಿ ಆಗಬೇಕು. ಇಂಥ ಮಕ್ಕಳಲ್ಲಿ ಈ ಕಾಯಿಲೆ ಇರುವವರು ನೂರಕ್ಕೆ ಒಬ್ಬರೂ ಇರುವುದಿಲ್ಲ, ನಿಜ. ಆದರೆ ಚಿಕಿತ್ಸೆ ಸಿಗದಿದ್ದರೆ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹದಿನೈದು ದಾಟುವುದಿಲ್ಲ.

ಈ ಹುಡುಗಿಯೂ ಕಾರ್ಡಿಗಾಗಿ ಬಂದಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಅದೂ ಇತ್ತು, ಲ್ಯಾಮಿನೇಷನ್ ಮಾಡಿಸಿಟ್ಟಿದ್ದರು.

ಮೇಲಿನವರಿಗೆ ಕೇಳಿದಾಗ ಸ್ಟಾಫ್ ಇಲ್ಲ, ಗೈಡ್‌ಲೈನ್‌ನಲ್ಲಿ ಇಲ್ಲ, ಇಸಿಜಿ ಪೇಪರ್ ರೋಲ್ ಖರ್ಚು ಯಾರು ಕೊಡುತ್ತಾರೆ ಅಂದರು. ಮುಂದಿನ ಕ್ಯಾಂಪಿಗೆ ಮೆಷಿನ್ ತೆಗೆದುಕೊಂಡು ನಾನೇ ಬರುತ್ತೇನೆ, ರೋಲ್ ಮತ್ತು ಒಂದು ಪರದೆ ಕೊಡಿ ಸಾಕು ಅಂತ ಬರೆದುಕೊಟ್ಟಿದ್ದೇನೆ. ಅರ್ಜಿಗೆ ಆ ಡಾಕ್ಟರೂ ಸಹಿ ಹಾಕಿದ್ದಾರೆ. ಬೇರೆ ತಾಲ್ಲೂಕಿನ ಇಸಿಜಿಯವರು ಇದನ್ನು ಓದುತ್ತಿದ್ದರೆ ನೀವೂ ಒಂದು ಅರ್ಜಿ ಕೊಡಿ. ನಮ್ಮ ಅರ್ಜಿಯ ಪ್ರತಿ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.