ಪ್ಯಾನ್-ಪ್ಯಾನ್

ಜೀವಕ್ಕೆ ಕುತ್ತು ಬಂದಾಗ ರೇಡಿಯೊದಲ್ಲಿ ಕೂಗುವ ‘ಮೇಡೇ’ ಕರೆ, ಸಿನಿಮಾ ನೋಡುವವರಿಗೆಲ್ಲ ಗೊತ್ತು. ನನಗೆ ಇಷ್ಟವಾದದ್ದು ಮಾತ್ರ ಅದರ ತಮ್ಮ, ಪ್ಯಾನ್-ಪ್ಯಾನ್. ಇದನ್ನೂ ಮೂರು ಸಲ ಹೇಳಬೇಕು. ಹಡಗಿನವರು ಹೇಳುವುದು ತುರ್ತು ಕರೆಗಳ ವಿಎಚ್‌ಎಫ್ ರೇಡಿಯೊ ಚಾನೆಲ್ 16ರಲ್ಲಿ, ಪೈಲಟ್‌ಗಳು ಸಾಮಾನ್ಯವಾಗಿ ಆಗ ಮಾತಾಡುತ್ತಿರುವ ತರಂಗಾಂತರದಲ್ಲೇ. ಎಂಜಿನ್ ಕೈಕೊಟ್ಟು ತೇಲುತ್ತಿರುವ ದೋಣಿ, ಹಾರಾಟದ ನಡುವೆ ಎದೆನೋವು ಬಂದ ಪ್ರಯಾಣಿಕ... ಕೂಡಲೇ ಗಮನ ಬೇಕು, ಆದರೆ ಎಲ್ಲರ ಜೀವಕ್ಕೂ ಕುತ್ತು ಬಂದಿಲ್ಲ.

ಇಂಥದ್ದೊಂದು ನಡುವಿನ ಮೆಟ್ಟಿಲು ನಮ್ಮ ದಿನನಿತ್ಯದ ಮಾತಿನಲ್ಲಿ ಇಲ್ಲವಲ್ಲ ಅನ್ನಿಸುತ್ತೆ. ‘ಏನಿಲ್ಲ, ಆರಾಮಿದ್ದೀನಿ’ ಅನ್ನುತ್ತಲೇ ಇರುತ್ತೇವೆ, ಆಮೇಲೆ ಒಮ್ಮೆಲೇ ಕುಸಿಯುತ್ತೇವೆ.

1990ರ ಜನವರಿ 25ರಂದು ನ್ಯೂಯಾರ್ಕ್ ಹತ್ತಿರ ಬಿದ್ದ ಏವಿಯಾಂಕಾ 52 ವಿಮಾನದ ಕಥೆ ಓದಿದಾಗೆಲ್ಲ ಹೊಟ್ಟೆ ಚುರ್ರೆನ್ನುತ್ತೆ. ಕೆಟ್ಟ ಹವೆ, ಇಳಿಯಲು ಸರದಿ. ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತು. ಸಿಬ್ಬಂದಿ ಆದ್ಯತೆ ಕೊಡಿ ಅಂದರು, ಇಂಧನ ಮುಗಿಯುತ್ತಿದೆ ಅಂದರು. ತುರ್ತುಸ್ಥಿತಿ ಅಂತ ಮಾತ್ರ ಘೋಷಿಸಲಿಲ್ಲ. ಟವರಿನವರಿಗೆ ಗಾಂಭೀರ್ಯ ತಟ್ಟಲೇ ಇಲ್ಲ. ಎಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನದಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು.

ಹಾಗಂತ ಪ್ಯಾನ್-ಪ್ಯಾನ್ ಅಂದವರೆಲ್ಲ ಉಳಿದರು ಅಂತಲೂ ಅಲ್ಲ. 1998ರಲ್ಲಿ ಸ್ವಿಸ್‌ಏರ್ 111 ವಿಮಾನದ ಪೈಲಟ್‌ಗಳು ಕಾಕ್‌ಪಿಟ್‌ನಲ್ಲಿ ಹೊಗೆ ಕಂಡಾಗ ಸರಿಯಾಗಿಯೇ ಹೇಳಿದ್ದರು. ಬೆಂಕಿ ಅವರಿಗಿಂತ ವೇಗವಾಗಿತ್ತು.

ಈಗಂತೂ ಇಂಧನದ ವಿಷಯದಲ್ಲಿ ಗೊಂದಲಕ್ಕೆ ಜಾಗವಿಲ್ಲ. ಇಳಿಯುವಾಗ ಕೊನೆಯ ಮೀಸಲು ಇಂಧನಕ್ಕೂ ಕೈಹಾಕಬೇಕಾಗುತ್ತೆ ಅಂತ ಲೆಕ್ಕ ಸಿಕ್ಕರೆ ‘ಮೇಡೇ, ಮೇಡೇ, ಮೇಡೇ, ಫ್ಯೂಯೆಲ್’ ಅನ್ನಲೇಬೇಕು. ಸಂಕೋಚಕ್ಕೆ ಅವಕಾಶವೇ ಇಟ್ಟಿಲ್ಲ.